ಅಮೆರಿಕದಲ್ಲಿ ವಿಮೆ ಇಲ್ಲದೆ ಹೆರಿಗೆ: ಮೊದಲ ಬಿಲ್ ನೋಡಿ ಬಂಗಾರ ಅಡವಿಡಬೇಡಿ

ಕಲಬುರಗಿ, ಬೀದರ್ ಕಡೆಯ ಎಷ್ಟೋ ಮನೆಗಳ ಮಗಳೋ ಸೊಸೆಯೋ ಈಗ ಅಮೆರಿಕದಲ್ಲಿದ್ದಾರೆ. ಗಂಡ ಇನ್ನೂ ಓದುತ್ತಿರುತ್ತಾನೆ, ಇಲ್ಲವೇ ಇದ್ದ ಕೆಲಸ ಹೋಗಿರುತ್ತದೆ. ಹೆಂಡತಿಗೆ ವಿಮೆ ಇರುವುದಿಲ್ಲ. ಹೆರಿಗೆಯಾಗಿ ಕೆಲವು ವಾರಕ್ಕೆ ಊರಿಗೆ ಫೋನ್ ಬರುತ್ತದೆ: "ಅಪ್ಪಾ, ದವಾಖಾನಿ ಬಿಲ್ ಬಂದದ, ರೊಕ್ಕ ಹ್ಯಾಂಗ ಮಾಡೋದು?" ಅಪ್ಪ ಮರುದಿನವೇ ಬಂಗಾರ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ಬಿಲ್ ಕಡಿಮೆಯಾಗಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಈ ಲೇಖನ.

ಇದು ಅಮೆರಿಕದ ಲೆಕ್ಕ. ಬ್ರಿಟನ್‌ಗೆ ಆರು ತಿಂಗಳಿಗಿಂತ ಜಾಸ್ತಿ ವೀಸಾದ ಮೇಲೆ ಹೋಗುವವರು ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಬೇರೆ ಬಿಲ್ ಬರುವುದಿಲ್ಲ.

1. ನಿಜವಾಗಿಯೂ ವಿಮೆ ಇಲ್ಲವೇ ನೋಡಿ

ಗಡುವು ತಪ್ಪಿಸಿಕೊಂಡೇ ಎಷ್ಟೋ ಜನ ವಿಮೆ ಕಳೆದುಕೊಳ್ಳುತ್ತಾರೆ. ಮದುವೆಯಾದ 30 ದಿನದೊಳಗೆ ಹೆಂಡತಿಯ ಹೆಸರನ್ನು ಗಂಡನ ಕಂಪನಿ ವಿಮೆಗೆ ಸೇರಿಸಬಹುದು. ಮಗು ಹುಟ್ಟಿದಾಗಲೂ ಅಷ್ಟೇ ದಿನ. ಕೆಲಸ ಹೋದರೆ 'ಕೋಬ್ರಾ' ಎಂಬ ಕಾನೂನು ಇದೆ. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದ ಕಂಪನಿಯಾದರೆ ಹಳೆಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಬೇಕು ಎಂದು ಹೇಳಲು 60 ದಿನ ಕಾಲಾವಕಾಶ. ಕಂತು ಪೂರ್ತಿ ನಿಮ್ಮದೇ, ದುಬಾರಿಯೂ ಹೌದು. ಆದರೆ ಹಿಂದಿನ ದಿನಗಳ ಕಂತು ಕಟ್ಟಿದರೆ ವಿಮೆ ನಿಂತ ದಿನದಿಂದಲೇ ಮತ್ತೆ ಶುರುವಾಗುತ್ತದೆ. ಏಳೆಂಟು ತಿಂಗಳ ಬಸುರಿಗೆ ಆ ಕಂತು ಹೆರಿಗೆ ಬಿಲ್‌ಗಿಂತ ಎಷ್ಟೋ ಕಡಿಮೆ.

ಸರ್ಕಾರದ ವೆಬ್‌ಸೈಟಿನ ಮೂಲಕ ಜನ ತಾವೇ ಕೊಳ್ಳುವ 'ಮಾರ್ಕೆಟ್‌ಪ್ಲೇಸ್' ವಿಮೆಯಲ್ಲಿ ಹೆರಿಗೆಯ ಖರ್ಚು ಸೇರಿರಲೇಬೇಕು. ಬಸುರಿ ಎಂಬ ಕಾರಣಕ್ಕೆ ಅವರು ವಿಮೆ ಕೊಡುವುದಿಲ್ಲ ಎನ್ನುವಂತಿಲ್ಲ. ನೋಂದಣಿ ನವೆಂಬರ್ 1ಕ್ಕೆ ಶುರುವಾಗುತ್ತದೆ. ಅದು ಮುಗಿದ ಮೇಲೆ ಬಸುರಿಯಾದರೆ, ಅದೊಂದೇ ಕಾರಣಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ನಡುವೆ ಸೇರಿಸಿಕೊಳ್ಳುವುದಿಲ್ಲ. ಹೊಸದಾಗಿ ಅಮೆರಿಕಕ್ಕೆ ಬಂದವರಿಗೆ, ಇದ್ದ ವಿಮೆ ಕಳೆದುಕೊಂಡವರಿಗೆ 60 ದಿನದ ಅವಕಾಶ ಇದೆ.

ಇಲ್ಲಿಂದ ಹೊರಡುವಾಗ ಏಜೆಂಟರು ಮಾರುವ ಪ್ರವಾಸ ವಿಮೆಯನ್ನು ನಂಬಬೇಡಿ. ಬಸಿರು ಮತ್ತು ಹೆರಿಗೆಯನ್ನು ಅದರಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ. ಅಲ್ಲಿ ಸಿಗುವ ಅಗ್ಗದ ಅಲ್ಪಾವಧಿ ವಿಮೆಗಳದ್ದೂ ಬಹುತೇಕ ಇದೇ ಕಥೆ.

2. ಅಲ್ಲೋ ತವರಿನಲ್ಲೋ, ಬೇಗ ತೀರ್ಮಾನಿಸಿ

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿ ಎಂಬುದು ನಮ್ಮ ಕಡೆಯ ಪದ್ಧತಿ. ಖರ್ಚಿನ ದೃಷ್ಟಿಯಿಂದಲೂ ಅದೇ ಹಗುರ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಯೋಜನೆಯಡಿ ಹೆರಿಗೆ, ಸಿಸೇರಿಯನ್, ಔಷಧ, ಊಟ ಎಲ್ಲವೂ ಉಚಿತ. ಅಮೆರಿಕದಲ್ಲಿ ವಿಮೆ ಇದ್ದವರ ಬಸಿರು, ಹೆರಿಗೆ ಮತ್ತು ನಂತರದ ಆರೈಕೆಯ ಖರ್ಚೇ ಸರಾಸರಿ 18 ಸಾವಿರ ಡಾಲರ್ ದಾಟುತ್ತದೆ.

ಆದರೆ ಕುಬಸ ಮುಗಿಸಿಕೊಂಡು ಹೊರಟರಾಯಿತು ಎಂದುಕೊಂಡರೆ ತಡವಾಗುತ್ತದೆ. 28 ವಾರ ದಾಟಿದರೆ ಸಾಮಾನ್ಯವಾಗಿ ವಿಮಾನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ. 36 ವಾರದ ಹೊತ್ತಿಗೆ ಹೆಚ್ಚಿನವು ಹತ್ತಿಸಿಕೊಳ್ಳುವುದೇ ಇಲ್ಲ. ಹೈದರಾಬಾದಿಗೆ ಇಳಿದು ಮತ್ತೆ ಕಲಬುರಗಿಗೆ ನಾಲ್ಕೈದು ತಾಸು ಕಾರಿನಲ್ಲಿ ಬರಬೇಕು, ಅಲ್ವಾ? ಆರನೇ ತಿಂಗಳೊಳಗೆ ಬನ್ನಿ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ವಾಪಸ್ ಹೋಗಲು ಹೊಸ ಮುದ್ರೆ ಬೇಕು. ಇಲ್ಲಿ ಹುಟ್ಟಿದ ಮಗುವಿಗೂ ಪಾಸ್‌ಪೋರ್ಟ್, ವೀಸಾ ಆಗಬೇಕು. ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಇಷ್ಟನ್ನೂ ಲೆಕ್ಕ ಹಾಕಿ ನಿರ್ಧರಿಸಿ.

3. ತಪಾಸಣೆ ಬಿಡಬೇಡಿ

ದುಡ್ಡಿಗೆ ಹೆದರಿ ಏಳು ತಿಂಗಳವರೆಗೆ ವೈದ್ಯರ ಮುಖ ನೋಡದ ಹುಡುಗಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಪಿ, ಸಕ್ಕರೆ ಸಮಯಕ್ಕೆ ಗೊತ್ತಾಗದಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯ. ಅಮೆರಿಕದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆದಾಯ ನೋಡಿ ಶುಲ್ಕ ಹಾಕುತ್ತಾರೆ. 'ಸ್ಲೈಡಿಂಗ್ ಫೀ' ಎಂದು ಕೇಳಿದರೆ ಸಾಕು.

4. ಸರ್ಕಾರಿ ನೆರವು ಕೇಳಿ ನೋಡಿ

ಆದಾಯ ಕಡಿಮೆ ಇರುವವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ 'ಮೆಡಿಕೇಡ್'. ಅದರಲ್ಲಿ ಬಸುರಿಯರಿಗೆ ಆದಾಯ ಮಿತಿ ಬೇರೆಯವರಿಗಿಂತ ಸಡಿಲ. ಮನೆಯ ಜನರನ್ನು ಎಣಿಸುವಾಗ ಹೊಟ್ಟೆಯಲ್ಲಿರುವ ಕೂಸನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾನೂನುಬದ್ಧ ವೀಸಾದಲ್ಲಿರುವ ಬಸುರಿಯರನ್ನು ಹಲವು ರಾಜ್ಯಗಳು ಸೇರಿಸಿಕೊಳ್ಳುತ್ತವೆ. ಟೆಕ್ಸಾಸ್‌ನಂಥ ಕಡೆ 'ಚಿಪ್ ಪೆರಿನೇಟಲ್' ಎಂಬ ಯೋಜನೆ ಹುಟ್ಟಲಿರುವ ಮಗುವಿನ ಹೆಸರಿನಲ್ಲಿ ನಡೆಯುತ್ತದೆ. ಏನೂ ಸಿಗದಿದ್ದರೆ, ಆದಾಯ ಕಡಿಮೆ ಇರುವವರ ಹೆರಿಗೆ ಖರ್ಚಿಗೆ 'ಎಮರ್ಜೆನ್ಸಿ ಮೆಡಿಕೇಡ್' ಇದೆ. ಗ್ರೀನ್ ಕಾರ್ಡ್ ಕನಸು ಇರುವವರು ಅರ್ಜಿ ಹಾಕುವ ಮೊದಲು ವಲಸೆ ವಕೀಲರೊಬ್ಬರನ್ನು ಕೇಳಿ. ನಿಯಮಗಳು ಬದಲಾಗುತ್ತಿರುತ್ತವೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಹೇಳಿದ್ದು ಸಾಲದು.

ಪ್ರವಾಸಿ ವೀಸಾದಲ್ಲಿ ಹೋಗಿ ಹೆರಿಗೆ ಮಾಡಿಸಿಕೊಂಡು ಬರುವ ಯೋಚನೆ ಬೇಡವೇ ಬೇಡ. 2020ರ ಜನವರಿಯಿಂದ ಆ ಉದ್ದೇಶಕ್ಕೆ ಪ್ರವಾಸಿ ವೀಸಾ ಕೊಡುವುದಿಲ್ಲ.

5. ಬೆಲೆಯನ್ನು ಬರಹದಲ್ಲಿ ತರಿಸಿಕೊಳ್ಳಿ

2022ರಿಂದ ವಿಮೆ ಇಲ್ಲದವರಿಗೆ ಆಸ್ಪತ್ರೆ ಮುಂಚಿತವಾಗಿ ಅಂದಾಜು ಪಟ್ಟಿ ಕೊಡಲೇಬೇಕು. ಅದರ ಹೆಸರು 'ಗುಡ್ ಫೇತ್ ಎಸ್ಟಿಮೇಟ್'. ಕೇಳಿದ 3 ಕೆಲಸದ ದಿನಗಳಲ್ಲಿ ಕೊಡಬೇಕು. ಕೊಟ್ಟ ಅಂದಾಜಿಗಿಂತ ಬಿಲ್ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಬಂದರೆ 120 ದಿನದೊಳಗೆ ಸರ್ಕಾರಕ್ಕೆ ತಕರಾರು ಸಲ್ಲಿಸಬಹುದು.

ಹೆರಿಗೆ ವೈದ್ಯರು ಹೇಳುವ 'ಪ್ಯಾಕೇಜ್' ಅವರ ಫೀಸು ಮಾತ್ರ. ಆಸ್ಪತ್ರೆಯದು ಬೇರೆ, ಅರಿವಳಿಕೆ ವೈದ್ಯರದು ಬೇರೆ, ಮಕ್ಕಳ ವೈದ್ಯರದು ಬೇರೆ, ಲ್ಯಾಬ್‌ನದು ಬೇರೆ. ಎಲ್ಲರಿಂದಲೂ ಪ್ರತ್ಯೇಕ ಅಂದಾಜು ಕೇಳಿ. ಸಹಜ ಹೆರಿಗೆಗೆ ಒಂದು, ಸಿಸೇರಿಯನ್‌ಗೆ ಒಂದು.

ನೋವು ಶುರುವಾದ ಮೇಲೆ ಮಾತ್ರ ದುಡ್ಡಿನ ಮಾತು ಬೇಡ, ನೇರ ತುರ್ತು ವಿಭಾಗಕ್ಕೆ ಹೋಗಿ. ಹೆರಿಗೆ ನೋವಿನಲ್ಲಿ ಬಂದವಳನ್ನು ದುಡ್ಡಿಲ್ಲ, ದಾಖಲೆಯಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ. 1986ರಿಂದ ಇದು ಅಲ್ಲಿನ ಕಾನೂನು.

6. ಬಿಲ್ ಬಂತು, ಈಗ ಏನು?

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಮೊದಲು ಹೇಳಿದ ರೇಟಿಗೆ ನಾವು ಯಾರೂ ಸೀರೆ ತರುವುದಿಲ್ಲ. ಅಮೆರಿಕದ ಆಸ್ಪತ್ರೆಯ ಮೊದಲ ಬಿಲ್ ಕೂಡ ಹಾಗೇ. ವಿಮಾ ಕಂಪನಿಗಳು ಅದೇ ಹೆರಿಗೆಗೆ ಕೊಡುವುದು ಅದಕ್ಕಿಂತ ಬಹಳ ಕಡಿಮೆ. ವಿಮೆ ಇಲ್ಲದವರ ಕೈಗೆ ಮಾತ್ರ ಪೂರ್ತಿ ದರದ ಕಾಗದ ಬರುತ್ತದೆ.

ಮೊದಲು 'ಐಟಮೈಸ್ಡ್ ಬಿಲ್' ಕೇಳಿ. ಬರೀ ಮೊತ್ತವಿರುವ ಕಾಗದ ಸಾಲದು, ಪ್ರತಿ ಸಾಲಿಗೂ ಕೋಡ್ ಇರಬೇಕು. ತಾಯಿಯ ಹೆಸರಲ್ಲಿ ಒಂದು ಬಿಲ್, ಮಗುವಿನ ಹೆಸರಲ್ಲಿ ಇನ್ನೊಂದು ಇರುತ್ತದೆ. ಎರಡನ್ನೂ ಗಂಡ ಹೆಂಡತಿ ಕೂತು ಸಾಲು ಸಾಲಾಗಿ ಓದಿ. ಎಷ್ಟು ದಿನ ಇದ್ದಿರಿ, ಎಷ್ಟು ದಿನದ ಶುಲ್ಕ ಹಾಕಿದ್ದಾರೆ? ಬೆನ್ನಿಗೆ ಅರಿವಳಿಕೆ ತೆಗೆದುಕೊಳ್ಳದೆ ಇದ್ದರೂ ಬರೆದಿದ್ದಾರೆಯೇ? ಒಂದೇ ರಕ್ತಪರೀಕ್ಷೆ ಎರಡು ಸಲ ಇದೆಯೇ? ಕೂಸು ತಾಯಿಯ ಪಕ್ಕದಲ್ಲೇ ಮಲಗಿದ್ದರೂ ನರ್ಸರಿ ಶುಲ್ಕ ಹಾಕುವ ರೂಢಿ ಅಲ್ಲಿದೆ, ಅದಕ್ಕೆ ಗಾಬರಿಯಾಗಬೇಡಿ. ದಿನಗಳ ಲೆಕ್ಕ ಸರಿಯಿದೆಯೇ ನೋಡಿ. ತಪ್ಪು ಕಂಡರೆ ಫೋನಿನಲ್ಲಿ ಹೇಳಿ ಸುಮ್ನೆ ಕೂರಬೇಡಿ, ಬರೆದು ಕಳಿಸಿ.

ಆಮೇಲೆ ಕೇಳಬೇಕಾದ್ದು 'ಫೈನಾನ್ಷಿಯಲ್ ಅಸಿಸ್ಟೆನ್ಸ್ ಅಪ್ಲಿಕೇಶನ್'. ಈ ಮೂರು ಪದ ಬಾಯಿಪಾಠ ಮಾಡಿಕೊಳ್ಳಿ. ಅಮೆರಿಕದ ಬಹುಪಾಲು ಆಸ್ಪತ್ರೆಗಳು ಲಾಭಕ್ಕಾಗಿ ನಡೆಯುವಂಥವಲ್ಲ. ತೆರಿಗೆ ವಿನಾಯಿತಿ ಪಡೆಯುವ ಇಂಥ ಖಾಸಗಿ ಆಸ್ಪತ್ರೆಗಳಲ್ಲಿ ಬಡ ರೋಗಿಗಳಿಗೆ ಬಿಲ್ ಮನ್ನಾ ಮಾಡುವ, ಕಡಿಮೆ ಮಾಡುವ ಲಿಖಿತ ನೀತಿ ಇರಲೇಬೇಕು. ವೆಬ್‌ಸೈಟಿನಲ್ಲಿ ಹಾಕಿರಬೇಕು, ಕೇಳಿದರೆ ಕಾಗದದಲ್ಲೂ ಉಚಿತವಾಗಿ ಕೊಡಬೇಕು. ಮೊದಲ ಬಿಲ್ ಬಂದ ದಿನದಿಂದ 240 ದಿನ ಅರ್ಜಿ ಹಾಕಬಹುದು. ಮೊದಲ 120 ದಿನ ಅವರು ನಿಮ್ಮ ಮೇಲೆ ಕೇಸು ಹಾಕುವಂತಿಲ್ಲ, ಕ್ರೆಡಿಟ್ ಸಂಸ್ಥೆಗೆ ದೂರುವಂತಿಲ್ಲ. ಈ ಎರಡು ಅಂಕಿ ಗೊತ್ತಿದ್ದರೆ ಎದೆಬಡಿತ ಅರ್ಧ ಇಳಿಯುತ್ತದೆ.

ಅರ್ಜಿಗೆ ಸಂಬಳದ ಚೀಟಿ, ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಕೆಲಸ ಹೋಗಿದ್ದರೆ ಆ ಪತ್ರ ಲಗತ್ತಿಸಿ. ಊರಿಂದ ದುಡ್ಡು ತರಿಸಿಕೊಂಡಿದ್ದರೆ ಅದು ಸಾಲವೋ ನೆರವೋ ಎಂದು ಒಂದು ಪುಟ ಬರೆಯಿರಿ. ಏನನ್ನೂ ಮುಚ್ಚಿಡಬೇಡಿ. ಆ ನೀತಿಯ ಜೊತೆ ಯಾವ ಯಾವ ವೈದ್ಯರಿಗೆ ಅದು ಅನ್ವಯಿಸುತ್ತದೆ ಎಂಬ ಪಟ್ಟಿ ಇರುತ್ತದೆ. ಅರಿವಳಿಕೆ ವೈದ್ಯರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಅವರ ಕಚೇರಿಗೆ ಬೇರೆ ಅರ್ಜಿ ಬೇಕು. ನೆರವಿಗೆ ಅರ್ಹರಾದರೆ, ವಿಮೆ ಇದ್ದವರಿಗೆ ಸಾಮಾನ್ಯವಾಗಿ ಹಾಕುವ ಮೊತ್ತಕ್ಕಿಂತ ಜಾಸ್ತಿ ನಿಮ್ಮಿಂದ ಕೇಳುವಂತಿಲ್ಲ.

ಆದಾಯ ಮಿತಿ ದಾಟಿದ್ದರೆ, ಸ್ವಂತ ದುಡ್ಡಿನಿಂದ ಕಟ್ಟುವವರಿಗೆ ಕೊಡುವ ರಿಯಾಯಿತಿ, 'ಸೆಲ್ಫ್ ಪೇ ಡಿಸ್ಕೌಂಟ್' ಕೇಳಿ. ಒಮ್ಮೆಗೇ ಕಟ್ಟಿದರೆ ಎಷ್ಟು ಬಿಡುತ್ತೀರಿ ಎಂದೂ ಕೇಳಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅಲ್ಲಿಯವರೂ ಕೇಳುತ್ತಾರೆ. ಇಂಗ್ಲಿಷ್ ತೊಡಕಾದರೆ ಕನ್ನಡ ದುಭಾಷಿ ಬೇಕು ಎನ್ನಿ. ಆಸ್ಪತ್ರೆ ಅದಕ್ಕೆ ದುಡ್ಡು ಕೇಳುವಂತಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅರ್ಜಿಗೆ ಉತ್ತರ ಬರುವ ಮೊದಲು ಕ್ರೆಡಿಟ್ ಕಾರ್ಡ್ ಉಜ್ಜಬೇಡಿ. ಉಜ್ಜಿದ ಕ್ಷಣಕ್ಕೆ ಅದು ಆಸ್ಪತ್ರೆಯ ಬಾಕಿಯಾಗಿ ಉಳಿಯುವುದಿಲ್ಲ, ಬ್ಯಾಂಕಿನ ಸಾಲವಾಗುತ್ತದೆ. ಬ್ಯಾಂಕಿನವರು ಮನ್ನಾ ಮಾಡುವುದಿಲ್ಲ. ಕೌಂಟರಿನಲ್ಲೇ ಕೊಡುವ 'ಮೆಡಿಕಲ್ ಕ್ರೆಡಿಟ್ ಕಾರ್ಡ್' ಇನ್ನೂ ಕೆಟ್ಟದ್ದು. ಹೇಳಿದ ತಿಂಗಳೊಳಗೆ ಪೂರ್ತಿ ತೀರದಿದ್ದರೆ ಎಷ್ಟೋ ಕಾರ್ಡ್‌ಗಳಲ್ಲಿ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

7. ಉಳಿದದ್ದಕ್ಕೆ ಕಂತು

ಬಡ್ಡಿ ಇಲ್ಲದ ಕಂತು ಮಾಡಿಕೊಡಿ ಎಂದು ಆಸ್ಪತ್ರೆಯನ್ನೇ ಕೇಳಿ. ನಿಮ್ಮ ಕೈಲಾಗುವ ಮೊತ್ತವನ್ನು ನೀವೇ ಮೊದಲು ಹೇಳಿ. ಊರಿನ ಅಪ್ಪ ಅಮ್ಮ ನೆರವಾಗುವುದಾದರೆ ಈ ಹಂತದಲ್ಲಿ ಆಗಲಿ, ಅದಕ್ಕೂ ಮೊದಲು ಬೇಡ. ಯಾರ ಜೊತೆ ಮಾತಾಡಿದಿರಿ, ಯಾವ ದಿನ, ಏನು ಒಪ್ಪಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊನೆಯ ಕಂತು ಕಟ್ಟಿದ ಮೇಲೆ ಬಾಕಿ ಸೊನ್ನೆ ಎಂಬ ಪತ್ರ ತೆಗೆದುಕೊಳ್ಳಿ. ತಾಯಿಯ ಖಾತೆಗೆ ಒಂದು, ಮಗುವಿನ ಖಾತೆಗೆ ಒಂದು.