ಮಳೆ ಸದ್ದಿಗೆ ಬೆಚ್ಚುವವರಿಗೆ ಒಂದು ಹಾಳೆ, ಒಂದು ಪೆನ್ಸಿಲ್

ಮೊದಲೇ ಹೇಳಿಬಿಡುತ್ತೇನೆ. ದುರಂತ ಕಂಡು ಬಂದವರ ಕೈಗೆ ಪೆನ್ಸಿಲ್ ಕೊಟ್ಟು "ಅವತ್ತು ಏನಾಯ್ತು, ಅದನ್ನೇ ಬರಿ" ಅನ್ನಬೇಡಿ. ಮಕ್ಕಳಿಗೂ ಬೇಡ, ದೊಡ್ಡವರಿಗೂ ಬೇಡ. ನಿಮಗೆ ನೀವೇ ಹೇಳಿಕೊಳ್ಳುವುದೂ ಬೇಡ. ಚಿತ್ರ ಬರೆದರೆ ಮನಸ್ಸು ಹಗುರಾಗುವುದು ನಿಜ. ಆದರೆ ಶುರು ಮಾಡಬೇಕಾದ್ದು ಗಾಯ ಇಲ್ಲದ ಜಾಗದಿಂದ.

ನಾನು ಕೊಡಗಿನಲ್ಲಿ ಡ್ರಾಯಿಂಗ್ ಟೀಚರ್. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಬರೆ (ಗುಡ್ಡದ ಇಳಿಜಾರು) ಕುಸಿದು ಎಷ್ಟೋ ಜನ ಪರಿಹಾರ ಕೇಂದ್ರ ಸೇರಿದಾಗ ಹಾಳೆ, ಕ್ರೇಯಾನ್ ಹಿಡಿದು ಹೋಗಿದ್ದೆ. ಆಮೇಲೂ ಹಲವರ ಜೊತೆ ಕೂತು ಬರೆದಿದ್ದೇನೆ. ಇವತ್ತಿಗೂ ಜೂನ್ ಬಂದು ತಗಡಿನ ಮೇಲೆ ಜೋರು ಮಳೆ ಬಿದ್ದರೆ ರಾತ್ರಿ ಎದ್ದು ಕೂರುವವರು ನಮ್ಮಲ್ಲಿದ್ದಾರೆ. ಇದು ಅವರಿಗಾಗಿ, ಅವರ ಮನೆಯವರಿಗಾಗಿ. ಅಪಘಾತ, ಸಾವು, ಹೊಡೆತ ಕಂಡವರಿಗೂ ಉಪಯೋಗಕ್ಕೆ ಬರುತ್ತದೆ.

ಸಾಮಾನು ಜಾಸ್ತಿ ಬೇಡ. ಗೆರೆ ಇಲ್ಲದ ಎ4 ಹಾಳೆ, ಮೆತ್ತಗೆ ಓಡುವ 4ಬಿ ಅಥವಾ 6ಬಿ ಪೆನ್ಸಿಲ್, ಒಂದು ಪ್ಯಾಕ್ ಕ್ರೇಯಾನ್. ರಬ್ಬರ್ ಪಕ್ಕಕ್ಕಿಡಿ; ಅದಿದ್ದರೆ ಅಳಿಸುವುದರಲ್ಲೇ ಹೊತ್ತು ಹೋಗುತ್ತದೆ. ವಾಟರ್ ಕಲರ್ ಸದ್ಯಕ್ಕೆ ಬೇಡ. ಅದು ಹೇಳಿದ ಕಡೆ ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ಕಂದು ಬಣ್ಣ ಒದ್ದೆ ಹಾಳೆಯಲ್ಲಿ ಕೆಳಗಿಳಿಯುವುದು ಕೆಸರಿನ ಹಾಗೇ ಕಾಣುತ್ತದೆ. ಎಲ್ಲವೂ ಕೈಮೀರಿ ಹೋದದ್ದನ್ನು ಕಂಡವರಿಗೆ ಕೈಯಲ್ಲಿ ನಿಲ್ಲುವ ಬಣ್ಣ ಒಳ್ಳೆಯದು.

ಹಗಲು ಹೊತ್ತಿನಲ್ಲಿ, ಬಾಗಿಲು ಕಾಣುವ ಹಾಗೆ ಕೂರಿ. ಮನೆಯಲ್ಲಿ ಇನ್ನೊಬ್ಬರು ಇರಲಿ, ಆದರೆ ಬಗ್ಗಿ ನೋಡುತ್ತಾ ನಿಲ್ಲುವುದು ಬೇಡ. ಇಪ್ಪತ್ತು ನಿಮಿಷ ಸಾಕು. ಮಲಗುವ ಮುಂಚೆ ಬರೆಯಬೇಡಿ.

ಹಾಳೆಯ ನಾಲ್ಕೂ ಅಂಚನ್ನು ಮಾಸ್ಕಿಂಗ್ ಟೇಪಿನಿಂದ ಮೇಜಿಗೆ ಅಂಟಿಸಿ. ಒಳಗೆ ಕ್ರೇಯಾನಿನಲ್ಲಿ ಒಂದು ಚೌಕಟ್ಟು ಎಳೆಯಿರಿ. ಸ್ಕೇಲ್ ಬೇಡ, ಸೊಟ್ಟ ಇರಲಿ. ಏನೇ ಬರೆದರೂ ಅದು ಇಲ್ಲಿಗೆ ಮುಗಿಯುತ್ತದೆ ಅಂತ ಕಣ್ಣಿಗೆ ಮೊದಲೇ ಗೊತ್ತಾಗಲಿ. ಈ ಚೌಕಟ್ಟನ್ನು ಮಾತ್ರ ಯಾರು ಬಿಟ್ಟರೂ ನಾನು ಒಪ್ಪುವುದಿಲ್ಲ.

ಈಗ ಉಸಿರಿನ ಗೆರೆ. ಉಸಿರು ತೆಗೆದುಕೊಳ್ಳುವಾಗ ಪೆನ್ಸಿಲ್ ಮೇಲಕ್ಕೆ, ಬಿಡುವಾಗ ಕೆಳಕ್ಕೆ. ಇಳಿಯುವ ಗೆರೆ ಏರುವ ಗೆರೆಗಿಂತ ಉದ್ದ ಇರಲಿ. ಹಾಳೆಯ ಈ ತುದಿಯಿಂದ ಆ ತುದಿಗೆ ಹೀಗೇ ಹೋಗಿ, ಮತ್ತೆ ಕೆಳಗಿನ ಸಾಲಿಗೆ ಬನ್ನಿ. ಶುರುವಿನಲ್ಲಿ ಗೆರೆ ಒತ್ತಿ, ಹಾಳೆ ಹರಿಯುವಷ್ಟು ಕಪ್ಪಗೆ ಬರುತ್ತದೆ. ಮೂರನೆಯದೋ ನಾಲ್ಕನೆಯದೋ ಸಾಲಿಗೆ ಕೈ ಸಡಿಲ ಆಗುವುದು ಹಾಳೆಯಲ್ಲೇ ಕಾಣುತ್ತದೆ. ಕೆಲವರು ತಿಂಗಳಾದರೂ ಇದೊಂದನ್ನೇ ಬರೆಯುತ್ತಾರೆ. ಬರೆಯಲಿ.

"ನಂಗೆ ಚಿತ್ರ ಬರಲ್ಲ ಟೀಚರ್, ರಂಗೋಲಿ ಬಿಟ್ರೆ ಏನೂ ಗೊತ್ತಿಲ್ಲ" ಅನ್ನುವ ಅಕ್ಕಂದಿರು ಎಲ್ಲ ಕಡೆ ಸಿಗುತ್ತಾರೆ. ಹಾಗಾದರೆ ಅದನ್ನೇ ಹಾಕಿ ಅನ್ನುತ್ತೇನೆ. ಚುಕ್ಕಿ ಇಟ್ಟು ಎಳೆ ಎಳೆಯುವಾಗ ಕೈಗೆ ಮುಂದಿನ ದಾರಿ ಗೊತ್ತಿರುತ್ತದೆ, ತಲೆಗೆ ವಿರಾಮ ಸಿಗುತ್ತದೆ. ಚಿತ್ರ ಚೆನ್ನಾಗಿ ಬರಬೇಕು ಅಂತಲೂ ಇಲ್ಲ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 39 ಜನ ವಯಸ್ಕರು 45 ನಿಮಿಷ ಏನಾದರೂ ಕಲೆ ಮಾಡಿದರು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿದಿತ್ತು. ಮೊದಲು ಚಿತ್ರ ಕಲಿತಿದ್ದವರಿಗೂ ಕಲಿಯದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಣ್ಣ ಅಧ್ಯಯನವೇ, ಆದರೂ ನಾನು ಕಣ್ಣಾರೆ ಕಂಡದ್ದಕ್ಕೆ ಹೊಂದುತ್ತದೆ.

ಕೈ ಪಳಗಿದ ಮೇಲೆ, ನೆಮ್ಮದಿ ಇದ್ದ ಒಂದು ಜಾಗ ಬರೆಯಿರಿ. ಇಡೀ ಮನೆ, ಇಡೀ ತೋಟ ಬೇಡ. ಒಂದು ಮೂಲೆ ಸಾಕು. ಏಳನೇ ಕ್ಲಾಸಿನ ಒಬ್ಬಳು ಅಡುಗೆಮನೆಯ ಶೆಲ್ಫ್ ಒಂದನ್ನೇ ಬರೆದಳು. ಕಾಫಿಪುಡಿ ಡಬ್ಬಿ, ಉಪ್ಪಿನ ಜಾಡಿ, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ) ಬಾಟಲಿ. ಬಾಟಲಿಯ ಕುತ್ತಿಗೆಗೆ ಕಟ್ಟಿದ್ದ ದಾರವನ್ನೂ ಬಿಡಲಿಲ್ಲ. ಆ ಮನೆ ಆಗಲೇ ಮಣ್ಣಿನಡಿ ಹೋಗಿತ್ತು. ಅವಳು ಅದರ ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ. "ಟೀಚರ್, ಇನ್ನೊಂದು ಹಾಳೆ ಕೊಡಿ, ಕೆಳಗಿನ ಸಾಲು ಉಳಿದಿದೆ" ಅಂದಳು, ಅಷ್ಟೇ.

ಎರಡನೇ ಮಹಾಯುದ್ಧದಲ್ಲಿ ಟೆರೆಜಿನ್‌ನ ನಾಜಿ ಶಿಬಿರದೊಳಗೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬ ಕಲಾವಿದೆ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು. ಲಯದ ಗೆರೆಗಳನ್ನು ಎಳೆಸುತ್ತಿದ್ದರು. ಮುಂದಿಟ್ಟ ವಸ್ತುಗಳನ್ನು ನೋಡಿ ಬರೆಸುತ್ತಿದ್ದರು. 1944ರಲ್ಲಿ ಆಕೆಯನ್ನು ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದ, ಮಕ್ಕಳು ಬರೆದ ಸುಮಾರು 4,500 ಚಿತ್ರಗಳು ಉಳಿದವು. ಅವು ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಅಂಥ ಜಾಗದಲ್ಲಿ ಕೂತು ಆ ಮಕ್ಕಳು ಹೂವು ಬರೆದಿದ್ದಾರೆ, ಮನೆ ಬರೆದಿದ್ದಾರೆ. ಮಗುವಿನ ಮುಂದೆ ಹಾಳೆ ಇಡುವಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ.

ಹಾಗಾದರೆ ನೋವನ್ನು ಬರೆಯಲೇಬಾರದಾ? ಅದು ತಾನಾಗಿ ಬಂದರೆ ತಡೆಯಬೇಡಿ, ಆದರೆ ದೂರದಲ್ಲಿಡಿ. ಮೊದಲು ಗಟ್ಟಿ ಮುಚ್ಚಳ ಇರುವ ಒಂದು ಪೆಟ್ಟಿಗೆ ಬರೆಯಿರಿ. ಹೇಳಲಾಗದ್ದನ್ನು ಅದರೊಳಗೆ ಬರೀ ಬಣ್ಣವಾಗಿ ತುಂಬಿ. ಆಮೇಲೆ ಮೇಲೊಂದು ಬೀಗ ಬರೆಯಿರಿ. ಕೀಲಿ ಎಲ್ಲಿದೆ ಅಂತಲೂ ಬರೆಯಿರಿ, ಯಾಕೆಂದರೆ ತೆಗೆಯುವುದು ಯಾವಾಗ ಅನ್ನೋದು ನಿಮ್ಮ ಇಷ್ಟ.

ಬರೆಯುವಾಗ ಎದೆ ಡವಗುಟ್ಟಿದರೆ, ಕೈಕಾಲು ತಣ್ಣಗಾದರೆ, ಈಗ ಇಲ್ಲೇ ಕೂತಿದ್ದೇನೆ ಅನ್ನುವುದು ಮರೆತಂತಾದರೆ ಅಲ್ಲಿಗೇ ನಿಲ್ಲಿಸಿ. ಪೂರ್ತಿ ಮಾಡುವ ಹಟ ಬೇಡ. ಪಾದ ನೆಲಕ್ಕೆ ಒತ್ತಿ. ಮುಖಕ್ಕೆ ತಣ್ಣೀರು ಹಾಕಿಕೊಳ್ಳಿ. ಕೋಣೆಯಲ್ಲಿರುವ ಐದು ಸಾಮಾನಿನ ಹೆಸರು ಬಾಯಿಬಿಟ್ಟು ಹೇಳಿ. ಆಮೇಲೆ ಬೇಕಿದ್ದರೆ ಮತ್ತೆ ಉಸಿರಿನ ಗೆರೆ.

ಮುಗಿದ ಮೇಲೆ ಟೇಪ್ ನಿಧಾನ ಬಿಡಿಸಿ. ಹಾಳೆ ಯಾರಿಗೂ ತೋರಿಸಬೇಕಿಲ್ಲ. ಹರಿಯುವ ಮನಸ್ಸಾದರೂ ಒಂದು ವಾರ ಕವರಿನಲ್ಲಿಟ್ಟು ಆಮೇಲೆ ಹರಿಯಿರಿ. ವಾಟ್ಸಾಪ್ ಸ್ಟೇಟಸ್‌ಗೆ ಮಾತ್ರ ದಯವಿಟ್ಟು ಹಾಕಬೇಡಿ. ಮಕ್ಕಳ ಚಿತ್ರವನ್ನಂತೂ ಅವರನ್ನು ಕೇಳದೆ ಬೇಡವೇ ಬೇಡ. "ಇಷ್ಟೊಂದು ಕಪ್ಪು ಯಾಕೆ?" ಅಂತ ಮಗುವನ್ನು ಕೇಳಬೇಡಿ. ಕಪ್ಪು ಕ್ರೇಯಾನ್ ಕೈಗೆ ಸಿಕ್ಕಿತ್ತು ಅಂತಲೂ ಇರಬಹುದು. "ಇದರ ಬಗ್ಗೆ ಏನಾದ್ರೂ ಹೇಳ್ತೀಯಾ ಪುಟ್ಟ?" ಅನ್ನಿ. ಇಲ್ಲ ಅಂದರೆ ಸುಮ್ನೆ ಪಕ್ಕದಲ್ಲಿ ಕೂತು ನೀವೂ ಒಂದು ಹಾಳೆ ತುಂಬಿಸಿ.

ನಾನು ಡಾಕ್ಟರ್ ಅಲ್ಲ, ಪೆನ್ಸಿಲ್ ಔಷಧಿಯೂ ಅಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಅದೇ ದೃಶ್ಯ ಮತ್ತೆ ಮತ್ತೆ ಬರುತ್ತಿದೆ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ತಡ ಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇರುತ್ತದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರನ್ನೂ ಕೇಳಬಹುದು. ಬಾಯಿಬಿಟ್ಟು ಹೇಳುವುದು ಕಷ್ಟವಾದರೆ ಬರೆದ ಹಾಳೆಗಳನ್ನೇ ತೆಗೆದುಕೊಂಡು ಹೋಗಿ, ಅವರ ಮುಂದಿಡಿ.