ಬಾಲ ನೋಡಿ ಲಿಂಗ ಹೇಳು: ಹಳೇ ಪೋರ್ಷೆ ಬಿಚ್ಚುತ್ತ ಕಲಿತ ಜರ್ಮನ್

ವಾಲ್ವ್‌ಗೆ ಜರ್ಮನ್ನಿನಲ್ಲಿ ವೆಂಟೀಲ್ ಅನ್ನುತ್ತಾರೆ. ಡಾಸ್ ವೆಂಟೀಲ್, ನಪುಂಸಕಲಿಂಗ. ಅದಕ್ಕೆ ತೊಡಿಸುವ ಸ್ಪ್ರಿಂಗ್ ಡೀ ವೆಂಟೀಲ್‌ಫೇಡರ್, ಸ್ತ್ರೀಲಿಂಗ. ಆ ಸ್ಪ್ರಿಂಗನ್ನು ಒತ್ತಿ ಹಿಡಿಯುವ ತಟ್ಟೆ ಡೇರ್ ವೆಂಟೀಲ್‌ಫೇಡರ್‌ಟೆಲ್ಲರ್, ಪುಲ್ಲಿಂಗ. ಒಂದರ ಮೇಲೊಂದು ಕೂತ ಮೂರು ಸಣ್ಣ ಸಾಮಾನಿಗೆ ಮೂರು ಲಿಂಗ. ಹೆಸರಿನ ಮುಂದೆ ಬರುವ ಡೇರ್, ಡೀ, ಡಾಸ್ ಅನ್ನುವ ಆರ್ಟಿಕಲ್ಲೇ ಲಿಂಗದ ಗುರುತು. ಮನುಷ್ಯರನ್ನು ಬಿಟ್ಟು ಮಿಕ್ಕಿದ್ದೆಲ್ಲ ‘ಅದು’ ಎಂದು ಎಂದೋ ತೀರ್ಮಾನ ಮಾಡಿಕೊಂಡು ಹಾಯಾಗಿರುವ ಕನ್ನಡದವರಿಗೆ ಇದು ಮೊದಲ ನೋಟಕ್ಕೆ ಹುಚ್ಚಾಟ. ಆದರೆ ಇಡೀ ಲೆಕ್ಕದ ಗುಟ್ಟು ಈ ಮೂರು ಹೆಸರುಗಳಲ್ಲೇ ಇದೆ.

ನಾನು ಕೈಹಚ್ಚುವುದು ಗಾಳಿಯಿಂದ ತಣಿಯುವ ಎಂಜಿನ್ನಿನ ಹಳೇ ಪೋರ್ಷೆಗಳಿಗೆ. 1948ರಲ್ಲಿ ಆಸ್ಟ್ರಿಯಾದ ಗ್ಮ್ಯುಂಡ್ ಊರಿನಲ್ಲಿ ಶುರುವಾದ 356, ಮತ್ತು 1963ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ 911. ಇಂಗ್ಲಿಷ್ ಮ್ಯಾನುವಲ್ ಸಿಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಬಿಡಿಭಾಗ ಮಾರುವವರ ಜಾಹೀರಾತು, ಮನ್‌ಹೈಮ್‌ನ ವೆಟರಾಮಾದಂಥ ಹಳೇ ಸಾಮಾನಿನ ಸಂತೆ, ಫೋನಿನಲ್ಲಿ ‘ಆ ಸಾಮಾನು ಇದೆಯಾ’ ಅಂತ ವಿಚಾರಿಸುವುದು, ಇದೆಲ್ಲ ಜರ್ಮನ್ನಿನಲ್ಲೇ ಆಗಬೇಕು. ಹಾಗಾಗಿ ಲಿಂಗವನ್ನು ನಾನು ಪಠ್ಯಪುಸ್ತಕದ ಪಟ್ಟಿಯಿಂದ ಕಲಿಯಲಿಲ್ಲ, ಬಿಡಿಭಾಗಗಳಿಂದ ಕಲಿತೆ. ಸೇಬು, ಮೇಜು, ಕಿಟಕಿ ಅಂತ ಶುರು ಮಾಡುವುದಕ್ಕಿಂತ ಇದು ಬೇಗ ತಲೆಗೆ ಹತ್ತುತ್ತದೆ. ಎಂಜಿನ್ನಿನ ಹೆಸರುಗಳಲ್ಲಿ ಒಂದೇ ತುಂಡು ಹತ್ತಾರು ಕಡೆ ತಿರುತಿರುಗಿ ಬರುವುದೇ ಕಾರಣ.

ಹೈಸ್ಕೂಲಿನಲ್ಲಿ ಉರು ಹೊಡೆದ ತತ್ಪುರುಷ ಸಮಾಸ ನೆನಪಿರಬೇಕು: ಉತ್ತರಪದವೇ ಪ್ರಧಾನ. ಮನೆಬಾಗಿಲು ಅಂದರೆ ಮನೆಯಲ್ಲ, ಬಾಗಿಲು. ಜರ್ಮನ್ ಕೂಡ ಅಷ್ಟೇ. ಹೆಸರು ಎಷ್ಟೇ ಉದ್ದವಿರಲಿ, ಲಿಂಗ ಹೇಳುವುದು ಕಡೆಯ ತುಂಡು. ತ್ಸಿಲಿಂಡರ್ ಪುಲ್ಲಿಂಗ, ಕೋಪ್ಫ್ ಅಂದರೆ ತಲೆ ಅದೂ ಪುಲ್ಲಿಂಗ, ಡಿಖ್ಟುಂಗ್ ಅಂದರೆ ಪ್ಯಾಕಿಂಗ್ ಸ್ತ್ರೀಲಿಂಗ. ಮೂರನ್ನೂ ಸೇರಿಸಿದರೆ ಡೀ ತ್ಸಿಲಿಂಡರ್‌ಕೋಪ್ಫ್‌ಡಿಖ್ಟುಂಗ್, ನಮ್ಮ ಗ್ಯಾರೇಜುಗಳ ಹೆಡ್ ಪ್ಯಾಕಿಂಗ್. ಮುಂದಿನ ಇಬ್ಬರು ಗಂಡಸರ ಮಾತು ಅಲ್ಲಿ ನಡೆಯುವುದಿಲ್ಲ.

ಆದ್ದರಿಂದ ಮೊದಲು ಮಾಡಿದ ಕೆಲಸ ಬಾಲಗಳನ್ನು ಬರೆದುಕೊಂಡದ್ದು. ಬಿಡಿಭಾಗಗಳ ಕೆಟಲಾಗಿನಲ್ಲಿ ಎಂಜಿನ್ ಅಧ್ಯಾಯ ತೆರೆದು ಪ್ರತಿ ಹೆಸರಿನ ಕಡೆಯ ತುಂಡನ್ನಷ್ಟೇ ಎತ್ತಿಕೊಂಡೆ. ನೂರಾರು ಹೆಸರು ನಲವತ್ತು ಬಾಲಕ್ಕೆ ಇಳಿಯಿತು. ಪುಲ್ಲಿಂಗದ ಕಡೆ ರಿಂಗ್, ಬೋಲ್ಟ್ಸನ್ ಅಂದರೆ ಪಿನ್ನು, ಕೋಲ್ಬನ್ ಅಂದರೆ ಪಿಸ್ಟನ್, ಡೆಕೆಲ್ ಅಂದರೆ ಮುಚ್ಚಳ, ಹೇಬೆಲ್ ಅಂದರೆ ಲಿವರ್, ಶ್ಲೌಖ್ ಅಂದರೆ ಹೋಸ್ ಪೈಪು. ಸ್ತ್ರೀಲಿಂಗದ ಕಡೆ ವೆಲ್ಲೆ ಅಂದರೆ ಶಾಫ್ಟ್, ಶೈಬೆ ಅಂದರೆ ಬಿಲ್ಲೆ ಅಥವಾ ವಾಶರ್, ಶ್ರೌಬೆ ಅಂದರೆ ಬೋಲ್ಟು, ಮುಟ್ಟರ್ ಅಂದರೆ ನಟ್ಟು, ಪುಂಪೆ, ಡ್ಯೂಸೆ ಅಂದರೆ ಜೆಟ್, ಕೆಟ್ಟೆ ಅಂದರೆ ಚೈನು. ನಪುಂಸಕದ ಕಡೆ ರಾಡ್ ಅಂದರೆ ಚಕ್ರ, ಲಾಗರ್ ಅಂದರೆ ಬೇರಿಂಗ್, ರೋರ್ ಅಂದರೆ ಕೊಳವೆ, ಬ್ಲೆಖ್ ಅಂದರೆ ತಗಡು. ಇಷ್ಟು ಬಂದರೆ ಹೊಸ ಹೆಸರು ಎದುರಾದಾಗ ನಿಘಂಟು ಬೇಕಿಲ್ಲ. ಡಾಸ್ ಲಾಗರ್, ಬೇರಿಂಗಿನ ಮುಚ್ಚಳ ಡೇರ್ ಲಾಗರ್‌ಡೆಕೆಲ್, ಬೇರಿಂಗಿನ ಒಳಚಿಪ್ಪು ಡೀ ಲಾಗರ್‌ಶಾಲೆ.

ಲಿಂಗ ಪದಕ್ಕೆ ಅಂಟಿದ್ದು, ಸಾಮಾನಿಗಲ್ಲ ಅನ್ನುವುದಕ್ಕೆ ಕ್ಲಚ್ ಕೇಬಲ್ ನೋಡಿ. ಒಬ್ಬರು ಡೇರ್ ಕುಪ್ಲುಂಗ್ಸ್‌ತ್ಸೂಗ್ ಅನ್ನುತ್ತಾರೆ, ಇನ್ನೊಬ್ಬರು ಡಾಸ್ ಕುಪ್ಲುಂಗ್ಸ್‌ಜೈಲ್ ಅನ್ನುತ್ತಾರೆ. ಕೈಯಲ್ಲಿರುವುದು ಅದೇ ಕೇಬಲ್ಲು.

ಬಾಲ ಗೊತ್ತಿಲ್ಲದಿದ್ದರೆ ಪ್ರತ್ಯಯ ನೋಡಬೇಕು. ಉಂಗ್ ಅಂತ ಮುಗಿದರೆ ಸ್ತ್ರೀಲಿಂಗ: ಕುಪ್ಲುಂಗ್ ಅಂದರೆ ಕ್ಲಚ್ಚು, ಲೆಂಕುಂಗ್ ಅಂದರೆ ಸ್ಟೀರಿಂಗ್ ವ್ಯವಸ್ಥೆ, ತ್ಸ್ಯುಂಡುಂಗ್ ಅಂದರೆ ಇಗ್ನಿಷನ್. ಇಲ್ಲಿ ಧೈರ್ಯವಾಗಿ ಡೀ ಅನ್ನಬಹುದು. ಎ ಅಂತ ಮುಗಿದದ್ದು ಬಹುಪಾಲು ಸ್ತ್ರೀಲಿಂಗ, ಆದರೆ ಮುಂದೆ ಗೆ ಅಂತ ಅಂಟಿಕೊಂಡಿದ್ದರೆ ನಪುಂಸಕ: ಡಾಸ್ ಗೆಟ್ರೀಬೆ ಅಂದರೆ ಗೇರ್‌ಬಾಕ್ಸು, ಡಾಸ್ ಗೆಹೋಯ್ಸೆ ಅಂದರೆ ಹೊರಕವಚ, ಡಾಸ್ ಗೆವಿಂಡೆ ಅಂದರೆ ಬೋಲ್ಟಿನ ಮರೆಸುತ್ತು, ಥ್ರೆಡ್ಡು. ಎಲ್ಲರೂ ಎಡವುವುದು ಅರ್ ಅಂತ ಮುಗಿಯುವ ಪದಗಳಲ್ಲಿ. ಏನನ್ನೋ ‘ಮಾಡುವ’ ಸಾಮಾನಾದರೆ ಪುಲ್ಲಿಂಗ: ಪೆಟ್ರೋಲನ್ನು ಆವಿ ಮಾಡುವ ಫೆರ್ಗಾಸರ್ ಅಂದರೆ ಕಾರ್ಬೊರೇಟರ್, ಎಂಜಿನ್ ಎಬ್ಬಿಸುವ ಅನ್‌ಲಾಸರ್ ಅಂದರೆ ಸೆಲ್ಫು, ಕಿಡಿ ಹಂಚುವ ಫೆರ್ಟೈಲರ್ ಅಂದರೆ ನಮ್ಮ ಮೆಕ್ಯಾನಿಕ್‌ಗಳ ಡೆಲ್ಕೋ, ಹಳೇ 911ರವರ ನಿದ್ದೆ ಕೆಡಿಸುವ ಕೆಟ್ಟನ್‌ಶ್ಪಾನರ್ ಅಂದರೆ ಚೈನ್ ಬಿಗಿ ಮಾಡುವ ಟೆನ್ಷನರ್. ಆದರೆ ಫೇಡರ್, ಮುಟ್ಟರ್, ಲಾಗರ್ ಇವುಗಳಲ್ಲಿ ಆ ಅರ್ ಪ್ರತ್ಯಯವೇ ಅಲ್ಲ, ಪದದ ಮೈಯಲ್ಲೇ ಹುಟ್ಟಿದ್ದು. ಅವಕ್ಕೆ ಡೇರ್ ಅಂದರೆ ತಪ್ಪು. ‘ಇದು ಏನು ಮಾಡುತ್ತದೆ’ ಅಂತ ಕೇಳಿಕೊಳ್ಳಿ. ಉತ್ತರ ಹೆಸರಿನಲ್ಲೇ ಇದ್ದರೆ ಡೇರ್.

ಇಷ್ಟು ತಯಾರಿ ಮಾಡಿಕೊಂಡು ಮ್ಯಾನುವಲ್ ತೆರೆದರೆ ನಿರಾಸೆ ಕಾದಿರುತ್ತದೆ. ಜರ್ಮನ್ ವರ್ಕ್‌ಶಾಪ್ ಭಾಷೆ ಆರ್ಟಿಕಲ್ ಬರೆಯುವುದೇ ಅಪರೂಪ. ‘ತ್ಸ್ಯುಂಡ್‌ಕೆರ್ಟ್ಸನ್ ಹೆರೌಸ್‌ಶ್ರೌಬನ್’, ಪ್ಲಗ್ ಬಿಚ್ಚುವುದು, ಅಷ್ಟೇ. ಡೇರ್ ಇಲ್ಲ, ಡೀ ಇಲ್ಲ. ಆಗ ಲಿಂಗ ಅಡಗಿ ಕೂತಿರುವುದು ವಿಶೇಷಣದ ತುದಿಯಲ್ಲಿ. ಹಳೇದನ್ನು ಎಸೆದು ಹೊಸದನ್ನು ಹಾಕು ಅನ್ನುವ ಸಾಲುಗಳನ್ನು ಹುಡುಕಿ. ‘ನೋಯೆನ್ ಡಿಖ್ಟ್‌ರಿಂಗ್’ ಅಂದರೆ ಪುಲ್ಲಿಂಗ, ‘ನೋಯೆ ಡಿಖ್ಟುಂಗ್’ ಅಂದರೆ ಸ್ತ್ರೀಲಿಂಗ, ‘ನೋಯೆಸ್ ಲಾಗರ್’ ಅಂದರೆ ನಪುಂಸಕ. ಎನ್, ಎ, ಎಸ್. ಮ್ಯಾನುವಲ್ಲಿನಲ್ಲಿ ‘ಹೊಸ’ ಅನ್ನುವ ಪದ ಇರುವ ಸಾಲುಗಳಿಗಷ್ಟೇ ಪೆನ್ಸಿಲ್ ಗೆರೆ ಎಳೆದು ಓದಿದರೆ ಒಂದು ಸಂಜೆಗೆ ಬಾಲಗಳ ಪಟ್ಟಿಯನ್ನೆಲ್ಲ ತಾಳೆ ನೋಡಬಹುದು.

ಇಲ್ಲಿ ಮೂರು ಗುಂಡಿಗಳಿವೆ. ಮೊದಲನೆಯದು ಬಹುವಚನ. ಬಹುವಚನಕ್ಕೂ ‘ನೋಯೆ’ ಅಂತಲೇ ಬರುತ್ತದೆ, ಯಾವ ಲಿಂಗವಾದರೂ ಸರಿ. ಕೋಲ್ಬನ್ ಪದ ಏಕವಚನ ಬಹುವಚನ ಎರಡರಲ್ಲೂ ಒಂದೇ ರೂಪ. ‘ನೋಯೆನ್ ಕೋಲ್ಬನ್’ ಅಂದರೆ ಒಂದು ಹೊಸ ಪಿಸ್ಟನ್, ‘ನೋಯೆ ಕೋಲ್ಬನ್’ ಅಂದರೆ ಆರಕ್ಕೆ ಆರೂ ಇರಬಹುದು. ಇದನ್ನು ನೋಡಿ ಪಿಸ್ಟನ್ ಸ್ತ್ರೀಲಿಂಗ ಅಂತ ಬರೆದುಕೊಂಡರೆ ಪಟ್ಟಿ ಕೆಟ್ಟಿತು. ಎರಡನೆಯದು ಅಧ್ಯಾಯಗಳ ತಲೆಬರಹ. ‘ಔಸ್‌ಬೌ ಡೇರ್ ಕುಪ್ಲುಂಗ್’ ಅಂತ ಕಂಡ ಕೂಡಲೇ ಕ್ಲಚ್ ಪುಲ್ಲಿಂಗ ಅನ್ನಬೇಡಿ. ಅದು ಷಷ್ಠಿ, ಕ್ಲಚ್ಚಿನ ಬಿಚ್ಚುವಿಕೆ. ಡೀ ಅನ್ನುವುದು ಷಷ್ಠಿಯಲ್ಲಿ ಡೇರ್ ಆಗುತ್ತದೆ, ಡೇರ್ ಮತ್ತು ಡಾಸ್ ಎರಡೂ ಡೆಸ್ ಆಗುತ್ತವೆ: ‘ಔಸ್‌ಬೌ ಡೆಸ್ ಮೋಟೋರ್ಸ್’. ಹಾಗಾಗಿ ತಲೆಬರಹದಲ್ಲಿ ಡೇರ್ ಕಂಡರೆ ಅದು ಸ್ತ್ರೀಲಿಂಗ ಅಥವಾ ಬಹುವಚನ, ಪುಲ್ಲಿಂಗ ಮಾತ್ರ ಖಂಡಿತ ಅಲ್ಲ. ಮೂರನೆಯದು ‘ಬೈ ಕಾಲ್ಟೆಮ್ ಮೋಟೋರ್’, ಎಂಜಿನ್ ತಣ್ಣಗಿರುವಾಗ. ಎಮ್ ಅನ್ನುವ ತುದಿ ಪುಲ್ಲಿಂಗಕ್ಕೂ ನಪುಂಸಕಕ್ಕೂ ಒಂದೇ, ಅದರಿಂದ ಸ್ತ್ರೀಲಿಂಗವಲ್ಲ ಅಂತಷ್ಟೇ ತೀರ್ಮಾನಿಸಬಹುದು. ಆದರೆ ಸಾಲನ್ನು ಬಿಡಬೇಡಿ: 911ರ ವಾಲ್ವ್ ಕ್ಲಿಯರೆನ್ಸ್ ತಣ್ಣಗಿರುವಾಗ 0.10 ಮಿ.ಮೀ. ಇಡಬೇಕು; ಎಣ್ಣೆ ನೋಡುವುದು ಮಾತ್ರ ‘ಬೈ ಲೌಫೆಂಡೆಮ್ ಮೋಟೋರ್’, ಎಂಜಿನ್ ಬಿಸಿಯಾಗಿ, ಸಮತಟ್ಟು ನೆಲದಲ್ಲಿ, ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ. ಜರ್ಮನ್ ಮುದ್ರಣದಲ್ಲಿ 0,10 ಅಂತ ಅಲ್ಪವಿರಾಮ ಇರುತ್ತದೆ, ಅದು ದಶಮಾಂಶ ಬಿಂದು.

ಇಷ್ಟೆಲ್ಲ ಯಾಕೆ, ತಪ್ಪು ಲಿಂಗ ಹೇಳಿದರೂ ಅಂಗಡಿಯವನಿಗೆ ಅರ್ಥವಾಗುತ್ತದಲ್ಲ ಅನ್ನಬಹುದು. ಮಾತಾಡುವಾಗ ಸರಿ. ಓದುವಾಗ ಹಾಗಲ್ಲ. ನಾನೇ ಕಟ್ಟಿದ ಒಂದು ಉದಾಹರಣೆ: ‘ಡಿಖ್ಟುಂಗ್ ಔಫ್ ಡೆನ್ ಡೆಕೆಲ್ ಲೇಗನ್. ಜೀ ಮುಸ್ ಟ್ರೋಕನ್ ಜೈನ್.’ ಪ್ಯಾಕಿಂಗನ್ನು ಮುಚ್ಚಳದ ಮೇಲಿಡು, ಅದು ಒಣಗಿರಬೇಕು. ಯಾವುದು ಒಣಗಿರಬೇಕು? ಕನ್ನಡದ ‘ಅದು’ ಎರಡಕ್ಕೂ ಸಲ್ಲುತ್ತದೆ. ಜರ್ಮನ್ನಿನ ಜೀ ಅಂದರೆ ‘ಅವಳು’, ಅವಳು ಪ್ಯಾಕಿಂಗೇ, ಅನುಮಾನವಿಲ್ಲ. ಎರ್ ಅಂತ ಇದ್ದಿದ್ದರೆ ಒಣಗಿರಬೇಕಾದವನು ಮುಚ್ಚಳ. ಪ್ಯಾಕಿಂಗಿಗೆ ಎಣ್ಣೆ ಸವರಬೇಕೋ ಬಾರದೋ ಅನ್ನುವುದು ಒಂದೇ ಸರ್ವನಾಮದಲ್ಲಿ ನಿಂತಿರುತ್ತದೆ. ವಾಕ್ಯದ ಎರಡು ಸಾಮಾನಿಗೂ ಒಂದೇ ಲಿಂಗವಿದ್ದರೆ ಮಾತ್ರ ಚಿತ್ರ ನೋಡದೆ ಗತಿಯಿಲ್ಲ.

ನೆನಪಿಗೆ ಹತ್ತಲು ನಾನು ನೆಚ್ಚಿದ್ದು ಚೀಟಿ. ಎಂಜಿನ್ ಬಿಚ್ಚುವಾಗ ಪ್ರತಿ ಸಾಮಾನನ್ನೂ ಜಿಪ್ ಕವರಿಗೆ ಹಾಕಿ ಹೆಸರು ಬರೆಯುವುದು ಹೇಗೂ ಇದ್ದದ್ದೇ. ಅದೇ ಚೀಟಿಯನ್ನು ಮೂರು ಬಣ್ಣದ ಕಾಗದದಲ್ಲಿ ಮಾಡಿದೆ: ಡೇರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು. ಕವರಿನ ಮೇಲೆ ಮಾರ್ಕರ್‌ನಿಂದ ಬರೆದರೆ ಬ್ರೇಕ್ ಕ್ಲೀನರ್ ಒಂದು ಹನಿ ಬಿದ್ದರೂ ಅಳಿಸಿಹೋಗುತ್ತದೆ. ಆದ್ದರಿಂದ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು, ಅದನ್ನು ಬೇರೆ ಪುಟ್ಟ ಕವರಿನಲ್ಲಿ ಹಾಕಿ, ಸಾಮಾನಿನ ಕವರಿನೊಳಗೆ ಇಡಬೇಕು. ಎಂಜಿನ್ ವಾಪಸ್ ಜೋಡಿಸುವಾಗ ಚೀಟಿ ತೆಗೆಯುವ ಮುಂಚೆ ಬಣ್ಣ ಊಹಿಸಬೇಕು, ಅದೇ ಪರೀಕ್ಷೆ. ಈ ಬಣ್ಣಗಳನ್ನು ವೈರಿಂಗಿಗೆ ಮಾತ್ರ ತರಬೇಡಿ. ಜರ್ಮನ್ ಕಾರಿನಲ್ಲಿ ಕಂದು ತಂತಿ ಅರ್ಥ್, ಟರ್ಮಿನಲ್ 31. ಕೆಂಪು ನೇರ ಬ್ಯಾಟರಿಯ ಪ್ಲಸ್, ಟರ್ಮಿನಲ್ 30. ‘ಸ್ತ್ರೀಲಿಂಗ’ ಅಂತ ಕೆಂಪು ಟೇಪು ಸುತ್ತಿದ ತಂತಿಯನ್ನು ಆರು ತಿಂಗಳ ನಂತರ ಬ್ಯಾಟರಿಗೆ ಜೋಡಿಸಿದರೆ ವ್ಯಾಕರಣಕ್ಕಾಗಿ ಹಾರ್ನೆಸ್ ಸುಟ್ಟಂತಾಗುತ್ತದೆ.

ಕಾರುಗಳ ಹೆಸರಿನ ವಿಷಯ ಬೇರೆ. ಅಲ್ಲಿ ಬಾಲ ಕಣ್ಣಿಗೆ ಕಾಣುವುದಿಲ್ಲ, ಊಹಿಸಿಕೊಳ್ಳಬೇಕು. ಕಾರಿನ ಹಿಂದೆ ಡೇರ್ ವಾಗನ್ ಅಡಗಿದೆ, ಮೋಟಾರ್ ಸೈಕಲ್ಲಿನ ಹಿಂದೆ ಡೀ ಮಶೀನೆ. ಹಾಗಾಗಿ ಡೇರ್ ಬಿಎಂಡಬ್ಲ್ಯು ಅಂದರೆ ಕಾರು, ಡೀ ಬಿಎಂಡಬ್ಲ್ಯು ಅಂದರೆ ಬೈಕು. ಹಳೇ ವಾಹನದವರ ನಡುವೆ ಈ ಒಂದು ಅಕ್ಷರ ತಪ್ಪಿದರೆ ಮಾತು ಪೂರ್ತಿ ಬೇರೆ ಶೆಡ್ಡಿಗೆ ಹೋಗುತ್ತದೆ. ಅಡ್ಡಹೆಸರುಗಳು ತಮ್ಮ ಲಿಂಗವನ್ನು ತಾವೇ ತರುತ್ತವೆ: ಮರ್ಸಿಡಿಸ್‌ನ 1963ರ ಎಸ್‌ಎಲ್‌ಗೆ ಮಾಡಿನ ಆಕಾರದಿಂದ ಬಂದ ಹೆಸರು ಡೀ ಪಗೋಡೆ, ರೆಕ್ಕೆಬಾಗಿಲಿನ 300 ಎಸ್‌ಎಲ್ ಡೇರ್ ಫ್ಲ್ಯೂಗೆಲ್‌ಟ್ಯೂರರ್, ಪುಟಾಣಿ ಬಿಎಂಡಬ್ಲ್ಯು ಇಸೆಟ್ಟಾ ಕಾರಾಗಿದ್ದರೂ ಡೀ. 911 ಅನ್ನು ಪ್ರೀತಿಯಿಂದ ಡೇರ್ ಎಲ್ಫರ್ ಅನ್ನುತ್ತಾರೆ. ಮಾಡಲ್ ಹೆಸರಿನ ಕೊನೆಗೆ ಬಾಡಿಯ ಹೆಸರು ಸೇರಿದರೆ ಮತ್ತೆ ಬಾಲದ ನಿಯಮವೇ: ಡೇರ್ 356, ಆದರೆ ಡಾಸ್ 356 ಕಬ್ರಿಯೊಲೆ. ಪೋರ್ಷೆ ಮಾಡಲ್ಲುಗಳಾದ ಟಾರ್ಗಾ, ಕರೇರಾ ಎರಡೂ ರೇಸುಗಳಿಂದ ಬಂದ ಹೆಸರು. ಸಿಸಿಲಿಯ ರೇಸು ಡೀ ಟಾರ್ಗಾ ಫ್ಲೋರಿಯೊ, ಮೆಕ್ಸಿಕೋದ್ದು ಡೀ ಕರೇರಾ ಪನಮೆರಿಕಾನಾ. ಕಾರಿಗೆ ಬಂದ ಕೂಡಲೇ ಎರಡೂ ಡೇರ್.

ಅಭ್ಯಾಸಕ್ಕೆ ಮ್ಯಾನುವಲ್ಲಿಗಿಂತ ಜಾಹೀರಾತು ಮೇಲು. ಬೇಕಾಗಿದೆ ಅನ್ನುವವರು ‘ಜೂಖೆ’ ಅಂತ ಶುರು ಮಾಡುತ್ತಾರೆ, ಅದರ ಮುಂದೆ ದ್ವಿತೀಯಾ ವಿಭಕ್ತಿ: ‘ಜೂಖೆ ಒರಿಗಿನಾಲೆಸ್ ಲೆಂಕ್‌ರಾಡ್’, ಒರಿಜಿನಲ್ ಸ್ಟೀರಿಂಗ್ ಚಕ್ರ ಬೇಕಾಗಿದೆ. ಎಸ್ ಇದೆ, ಹಾಗಾದರೆ ರಾಡ್ ನಪುಂಸಕ. ದಿನಕ್ಕೆ ಹತ್ತು ಜಾಹೀರಾತು ಸಾಕು. ನಾವೇ ಬರೆಯುವಾಗ ಅನುಮಾನ ಬಂದರೆ ವಿಶೇಷಣವನ್ನೇ ಬಿಟ್ಟುಬಿಡಬಹುದು. ‘ಜೂಖೆ ಫೆರ್ಗಾಸರ್’ ಅಂದರೆ ಯಾರೂ ತಪ್ಪು ಹಿಡಿಯಲಾರರು.

ಎರಡು ಲಿಂಗದಲ್ಲಿ ಎರಡು ಅರ್ಥ ಕೊಡುವ ಪದಗಳನ್ನಷ್ಟು ಬಾಯಿಪಾಠ ಮಾಡಿಕೊಳ್ಳಲೇಬೇಕು. ಡಾಸ್ ಶ್ಟೋಯರ್ ಅಂದರೆ ಸ್ಟೀರಿಂಗು, ಡೀ ಶ್ಟೋಯರ್ ಅಂದರೆ ತೆರಿಗೆ. ಡೇರ್ ಟೈಲ್ ಅಂದರೆ ಇಡಿಯ ಒಂದು ಪಾಲು, ಡಾಸ್ ಟೈಲ್ ಅಂದರೆ ಕೈಗೆ ಸಿಗುವ ಬಿಡಿ ಸಾಮಾನು; ಸ್ಪೇರ್ ಪಾರ್ಟ್ ಸಾಮಾನ್ಯವಾಗಿ ಡಾಸ್ ಎರ್ಸಾಟ್ಸ್‌ಟೈಲ್. ಡೇರ್ ಮೊಮೆಂಟ್ ಅಂದರೆ ಗಳಿಗೆ, ಡಾಸ್ ಮೊಮೆಂಟ್ ಅಂದರೆ ತಿರುಚುಬಲ, ಟಾರ್ಕ್ ರೆಂಚಿನ ಮೇಲಿರುವುದು ಅದು. ಮುಟ್ಟರ್ ಅಂದರೆ ನಟ್ಟೂ ಹೌದು, ತಾಯಿಯೂ ಹೌದು. ಎರಡೂ ಡೀ, ವ್ಯತ್ಯಾಸ ಬಹುವಚನದಲ್ಲಿ. ನಟ್ಟುಗಳು ಮುಟ್ಟರ್ನ್, ತಾಯಂದಿರು ಮ್ಯುಟ್ಟರ್. 911ರ ನಾಲ್ಕು ಚಕ್ರಕ್ಕೆ ಐದೈದರಂತೆ ಇಪ್ಪತ್ತು ರಾಡ್‌ಮುಟ್ಟರ್ನ್, ಒಂದೊಂದಕ್ಕೆ 130 ನ್ಯೂಟನ್ ಮೀಟರ್. ಕೊನೆಯ ನ್ ಮರೆತು ಸ್ವರ ಬದಲಿಸಿದರೆ ಕೌಂಟರಿನಲ್ಲಿ ಕೇಳಿದ್ದು ಇಪ್ಪತ್ತು ಚಕ್ರತಾಯಂದಿರನ್ನು.