ಪಾಲಿಸಾರ್ಬೇಟ್ ಒಡೆಯುವ ಲೈಪೇಸನ್ನು ಸಿಎಚ್‌ಒ ಕೋಶದಿಂದಲೇ ತೆಗೆಯುವುದು ಹೇಗೆ?

ಪ್ರತಿಕಾಯ ಔಷಧಗಳನ್ನು ಸಾಮಾನ್ಯವಾಗಿ ಸಿಎಚ್‌ಒ ಎಂಬ ಚೀನೀ ಹ್ಯಾಮ್‌ಸ್ಟರ್ ಅಂಡಾಶಯದ ಕೋಶಗಳಲ್ಲಿ ತಯಾರಿಸುತ್ತಾರೆ. ಔಷಧದ ಸೀಸೆಯಲ್ಲಿ ತಿಂಗಳುಗಳ ನಂತರ ಕಣಗಳು ಕಂಡರೆ ಈ ಕೋಶದ ಲೈಪೇಸ್‌ಗಳ (ಕೊಬ್ಬು ಒಡೆಯುವ ಕಿಣ್ವಗಳ) ಮೇಲೆ ಅನುಮಾನವಿರಲಿ. ಪ್ರೋಟೀನ್ ಗಂಟುಕಟ್ಟದಂತೆ ಔಷಧಕ್ಕೆ ಸೇರಿಸುವ ಪಾಲಿಸಾರ್ಬೇಟ್ 20 ಅಥವಾ 80ನ್ನು ಅವು ಒಡೆಯುತ್ತವೆ. ಬಿಡುಗಡೆಯಾದ ಕೊಬ್ಬಿನಾಮ್ಲ ಕರಗದೆ ಕಣವಾಗುತ್ತದೆ. ಎಲೈಸಾ ಎಂಬ ಪ್ರೋಟೀನ್ ಅಳೆಯುವ ಪರೀಕ್ಷೆಯಲ್ಲಿ ಕೋಶದಿಂದ ಬಂದ ಒಟ್ಟು ಪ್ರೋಟೀನ್ ಔಷಧದ ಪ್ರತಿ ಮಿಲಿಗ್ರಾಂಗೆ 100 ನ್ಯಾನೋಗ್ರಾಂಗಿಂತ ಕಡಿಮೆ ಬಂದರೂ ನಿಶ್ಚಿಂತರಾಗಬೇಡಿ: ಎಲ್‌ಪಿಎಲ್‌ಎ2 (ಲೈಸೋಸೋಮಲ್ ಫಾಸ್ಫೋಲೈಪೇಸ್ ಎ2) ಎಂಬಂಥ ಕಿಣ್ವ 1 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ) ಕಡಿಮೆಯಿದ್ದರೂ ಹಾನಿ ಮಾಡುತ್ತದೆ. ಯಾವ ಕಿಣ್ವ ಎಂಬುದನ್ನು ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಪತ್ತೆ ಹಚ್ಚಿ, ಆಮೇಲೆ ಜೀನಿಗೆ ಕೈ ಹಾಕಿ.

ಔಷಧದ ಜೀನ್ ಸೇರಿಸುವ ಮೊದಲೇ, ಮೂಲ ಕೋಶದಲ್ಲಿ ಈ ಕೆಲಸ ಮುಗಿಸುವುದು ಒಳ್ಳೆಯದು. ಒಮ್ಮೆ ಮಾಡಿದರೆ ಮುಂದಿನ ಎಲ್ಲ ಔಷಧಗಳಿಗೂ ಆಯಿತು.

ಜೀನ್ ಕತ್ತರಿಸಲು ಕ್ರಿಸ್ಪರ್ ವಿಧಾನ ಬಳಸುತ್ತೇವೆ: ಗೈಡ್ ಆರ್‌ಎನ್‌ಎ ಜಾಗ ತೋರಿಸುತ್ತದೆ, ಕ್ಯಾಸ್9 ಪ್ರೋಟೀನ್ ಅಲ್ಲಿ ಕತ್ತರಿಸುತ್ತದೆ. ಕಿಣ್ವದ ಕ್ರಿಯಾಸ್ಥಾನದ ಸೆರಿನ್ (ಕೆಲಸಕ್ಕೆ ಬೇಕೇಬೇಕಾದ ಅಮೈನೋ ಆಮ್ಲ) ಇರುವ ಎಕ್ಸಾನ್ (ಜೀನಿನಲ್ಲಿ ಪ್ರೋಟೀನ್ ಸಂಕೇತವಿರುವ ತುಂಡು), ಇಲ್ಲವೇ ಅದಕ್ಕಿಂತ ಹಿಂದಿನದನ್ನು ಆರಿಸಿ. ಮೊದಲ ಎಕ್ಸಾನ್ ಬೇಡ, ಮುಂದಿನ ಎಟಿಜಿಯಿಂದ (ಪ್ರೋಟೀನ್ ಆರಂಭದ ಸಂಕೇತದಿಂದ) ಪ್ರೋಟೀನ್ ಮತ್ತೆ ಶುರುವಾಗಬಹುದು. 100ರಿಂದ 300 ಬೇಸ್ ಅಂತರದಲ್ಲಿ ಎರಡು ಗೈಡ್ ಆರ್‌ಎನ್‌ಎ ಇಟ್ಟರೆ ನಡುವಿನ ತುಂಡು ಉದುರಿದ್ದು ಜೆಲ್‌ನಲ್ಲೇ ಕಾಣುತ್ತದೆ. ಗೈಡ್‌ಗಳನ್ನು ಚೀನೀ ಹ್ಯಾಮ್‌ಸ್ಟರ್ ಜೀನೋಮ್‌ಗಷ್ಟೇ ಅಲ್ಲ, ನಿಮ್ಮ ಕೋಶದ ಸೀಕ್ವೆನ್ಸ್‌ಗೂ ಹೋಲಿಸಿ.

ಕ್ಯಾಸ್9 ಪ್ರೋಟೀನ್ ಮತ್ತು ಗೈಡನ್ನು 1:1.2 ಮೋಲಾರ್ ಪ್ರಮಾಣದಲ್ಲಿ ಬೆರೆಸಿ, ಕೋಣೆಯ ತಾಪದಲ್ಲಿ 10–20 ನಿಮಿಷ ಬಿಡಿ. 95%ಕ್ಕಿಂತ ಹೆಚ್ಚು ಜೀವಂತವಿರುವ ಸುಮಾರು 10 ಲಕ್ಷ ಕೋಶಗಳಿಗೆ ಎಲೆಕ್ಟ್ರೋಪೊರೇಷನ್ ಮಾಡಿ, ಅಂದರೆ ವಿದ್ಯುತ್ ತಾಡನದಿಂದ ಈ ಮಿಶ್ರಣವನ್ನು ಒಳಸೇರಿಸಿ. 48–72 ಗಂಟೆ ಚೇತರಿಸಿಕೊಂಡ ಮೇಲೆ ಒಂದೊಂದೇ ಕೋಶವನ್ನು ಬೇರ್ಪಡಿಸಿ. ಪ್ರತಿ ಕ್ಲೋನ್ (ಒಂದೇ ಕೋಶದಿಂದ ಬೆಳೆದ ಗುಂಪು) ಒಂದೇ ಕೋಶದಿಂದ ಬಂದಿದೆಯೆಂಬ ಸಾಕ್ಷಿಗೆ, ಮೊದಲ ದಿನವೇ ತಟ್ಟೆಯ ಪ್ರತಿ ಬಾವಿಯ (ಗುಳಿಯ) ಚಿತ್ರ ತೆಗೆದಿಡಿ.

ಬಹಳಷ್ಟು ಜನ ಮೋಸಹೋಗುವುದು ಕ್ಲೋನ್ ಪರೀಕ್ಷೆಯಲ್ಲಿ. ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡನ್ನು ಹಿಗ್ಗಿಸುವ ವಿಧಾನ) ಬಂದ ಒಂದೇ ಪಟ್ಟಿಯನ್ನು ನೋಡಿ ಜೀನಿನ ಎರಡೂ ಪ್ರತಿ ಹೋಯಿತೆಂದುಕೊಳ್ಳುತ್ತಾರೆ. ಒಂದು ಪ್ರತಿಯಲ್ಲಿ ಪ್ರೈಮರ್ (ಪಿಸಿಆರ್ ಆರಂಭಿಸುವ ಪುಟ್ಟ ಡಿಎನ್‌ಎ ತುಣುಕು) ಕೂರುವ ಜಾಗವೇ ಅಳಿಸಿಹೋಗಿದ್ದರೆ ಅದು ಪಿಸಿಆರ್‌ಗೆ ಸಿಗುವುದೇ ಇಲ್ಲ! ಹೊರಗಿನ ಪ್ರೈಮರ್ ಜೋಡಿಯಿಂದ ಇನ್ನೊಮ್ಮೆ ನೋಡಿ. ಮೂರರ ಗುಣಕದಲ್ಲಿ ಬೇಸ್ ಕಳೆದುಕೊಂಡ ಕ್ಲೋನ್‌ನಲ್ಲಿ ಓದುವ ಚೌಕಟ್ಟು ಉಳಿದಿರುತ್ತದೆ, ಕಿಣ್ವ ಅರ್ಧಂಬರ್ಧ ಕೆಲಸ ಮಾಡಬಹುದು. ಆದ್ದರಿಂದ ಪ್ರೋಟೀನೇ ಇಲ್ಲವೆಂದು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಖಚಿತಪಡಿಸಿಕೊಳ್ಳಿ.

ಬೆಳವಣಿಗೆ, ಇಳುವರಿ, ಗ್ಲೈಕೋಸಿಲೇಷನ್ (ಪ್ರೋಟೀನ್‌ಗೆ ಸಕ್ಕರೆ ಸರಪಳಿ ಸೇರುವುದು) ಹೋಲಿಸಲು ಕತ್ತರಿಸದೆ ಇದೇ ಹಂತಗಳನ್ನು ದಾಟಿಸಿದ ಹಲವು ಕ್ಲೋನ್‌ಗಳು ಬೇಕು. ಕ್ಲೋನ್‌ನಿಂದ ಕ್ಲೋನ್‌ಗಿರುವ ವ್ಯತ್ಯಾಸವನ್ನೇ ಜೀನ್ ತೆಗೆದ ಪರಿಣಾಮವೆಂದು ಓದುವುದು ಸುಲಭ. ಕೊನೆಗೆ, ಪ್ರತಿಕಾಯವನ್ನು ಹಿಡಿದು ಶುದ್ಧೀಕರಿಸುವ ಪ್ರೋಟೀನ್ ಎ ಹಂತದಿಂದ ಬಂದ ದ್ರವಕ್ಕೆ ಪಾಲಿಸಾರ್ಬೇಟ್ ಸೇರಿಸಿ ಅದು ಒಡೆಯುವ ವೇಗ ಅಳೆಯಿರಿ. 2017ರಲ್ಲಿ ಪ್ರಕಟವಾದ, ಎಲ್‌ಪಿಎಲ್ (ಲೈಪೋಪ್ರೋಟೀನ್ ಲೈಪೇಸ್) ಜೀನ್ ತೆಗೆದ ಪ್ರಯೋಗದಲ್ಲಿ ಪಾಲಿಸಾರ್ಬೇಟ್ ನಾಶ ಸುಮಾರು ಅರ್ಧಕ್ಕಿಳಿಯಿತು, ನಿಲ್ಲಲಿಲ್ಲ. ಉಳಿದರ್ಧಕ್ಕೆ ಎಲ್‌ಪಿಎಲ್‌ಎ2ನಂಥ ಇತರ ಕಿಣ್ವಗಳನ್ನು ಹುಡುಕಬೇಕು.